ಮೊದಲ ಮಿರರ್‌ಲೆಸ್ ಕ್ಯಾಮೆರಾ ಆರಿಸೋದು ಹೇಗೆ: ಬಾಡಿ ಕೊನೆಗೆ ನೋಡಿ, ಲೆನ್ಸ್ ಮೊದಲು ನೋಡಿ

ಮೊದಲ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ, ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ) ತಗೊಳೋಕೆ ಹೊರಟವರು ಹೆಚ್ಚಾಗಿ ಏನ್ ಮಾಡ್ತಾರೆ ಅಂದ್ರೆ ಮೂರ್ನಾಲ್ಕು ಬಾಡಿಗಳ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಸ್ಪೆಸಿಫಿಕೇಶನ್ ಅಕ್ಕಪಕ್ಕ ಇಟ್ಕೊಂಡು ಯಾವುದರಲ್ಲಿ ಮೆಗಾಪಿಕ್ಸೆಲ್ ಜಾಸ್ತಿ, ಯಾವುದು ಸೆಕೆಂಡಿಗೆ ಎಷ್ಟು ಫೋಟೋ ಹೊಡಿಯತ್ತೆ ಅಂತ ನೋಡ್ತಾ ವಾರಗಟ್ಟಲೆ ಕೂತ್ಬಿಡ್ತಾರೆ, ಕೊನೆಗೆ ತಲೆ ಕೆಟ್ಟು ಯಾವುದಕ್ಕೆ ಆಫರ್ ಇದೆಯೋ ಅದನ್ನ ತಗೊಂಡು ಬರ್ತಾರೆ. ಹಾಗೆ ಹೋಲಿಸಿದ್ರೆ ತೀರ್ಮಾನಕ್ಕೆ ಬರೋಕೇ ಆಗಲ್ಲ, ಯಾಕಂದ್ರೆ ಈ ಲೆವೆಲ್‌ನಲ್ಲಿ ಎಲ್ಲಾ ಸೆನ್ಸರ್‌ಗಳೂ ಚೆನ್ನಾಗೇ ಇವೆ. ಕ್ಯಾನನ್ ಆರ್50 ಮತ್ತು ಸೋನಿ ಎ6400 ಎರಡೂ 24.2 ಮೆಗಾಪಿಕ್ಸೆಲ್, ನಿಕಾನ್ ಝಡ್50 ಟೂ 20.9, ಫ್ಯೂಜಿ ಎಕ್ಸ್-ಎಂ5 26.1. ಕೇಳೋಕೆ ದೊಡ್ಡ ಅಂತರ ಅನ್ಸತ್ತೆ, ಆದ್ರೆ 24 ಅಂದ್ರೆ ಫೋಟೋ ಅಗಲಕ್ಕೆ 6000 ಪಿಕ್ಸೆಲ್, 20.9 ಅಂದ್ರೆ 5568, ಅಷ್ಟೇ. ಎ3 ಸೈಜಿನ ಪ್ರಿಂಟ್ ಇಂಚಿಗೆ 300 ಚುಕ್ಕೆ ಲೆಕ್ಕದಲ್ಲಿ ತೆಗೆಸಿದ್ರೂ ಬೇಕಾಗೋದು ಸುಮಾರು 5000 ಪಿಕ್ಸೆಲ್. ಹಾಗಾಗಿ ಮೆಗಾಪಿಕ್ಸೆಲ್ ಸಾಲನ್ನ ಈಗಲೇ ಹೊಡೆದು ಹಾಕಿ, ಅದರಿಂದ ನಿಮಗೆ ಏನೂ ತಿಳಿಯಲ್ಲ.

ನಾನು ಹೇಳೋ ಕ್ರಮ ಉಲ್ಟಾ. ಮೊದಲು ನೀವು ಏನು ಫೋಟೋ ತೆಗೀತೀರ, ಆಮೇಲೆ ಅದಕ್ಕೆ ಯಾವ ಲೆನ್ಸ್ ಬೇಕು, ಆ ಲೆನ್ಸ್ ಯಾವ ಮೌಂಟ್‌ನಲ್ಲಿ (ಬಾಡಿಗೆ ಲೆನ್ಸ್ ಕೂರೋ ಜಾಗ, ಕಂಪನಿಗೊಂದು ಥರ) ಸಿಗತ್ತೆ, ಅದಾದ ಮೇಲೆ ಬಾಡಿ, ಕಟ್ಟಕಡೆಗೆ ಕೈಯಲ್ಲಿ ಹಿಡಿದು ನೋಡೋದು.

ಮೊದಲನೇದಕ್ಕೆ ನಿಮ್ಮ ಫೋನ್ ಗ್ಯಾಲರಿ ತೆಗೀರಿ. ಚೆನ್ನಾಗಿ ಬಂದಿರೋ ಫೋಟೋ ಬೇಡ, ಬೇಜಾರಾಗಿ ಡಿಲೀಟ್ ಮಾಡ್ಬೇಕು ಅನ್ಸಿದ್ದನ್ನ ಹುಡುಕಿ. ಕೆಲವರಿಗೆ ಅದರಲ್ಲಿ ರಾತ್ರಿ ಮನೆ ಒಳಗೆ ತೆಗೆದ ಮಗು ಫೋಟೋಗಳೇ ತುಂಬಿರತ್ತೆ, ಮುಖ ಕಲಸಿಹೋಗಿ ಬಣ್ಣ ಎಲ್ಲಾ ಮಣ್ಣು ಮಣ್ಣಾಗಿ. ಕೆಲವರಿಗೆ ದೂರದ ಹಕ್ಕಿ, ಗ್ರೌಂಡಿನ ಆ ತುದಿಯಲ್ಲಿ ಓಡ್ತಿರೋ ಆಟಗಾರ, ಝೂಮ್ ಮಾಡಿದ್ರೆ ಬರೀ ಚೌಕ ಚೌಕ. ಇನ್ನು ಕೆಲವರಿಗೆ ಫೋಟೋ ಸಮಸ್ಯೆನೇ ಇಲ್ಲ, ನಡ್ಕೊಂಡು ತೆಗೆದ ವಿಡಿಯೋ ಅಲುಗಾಡತ್ತೆ. ಈ ಮೂರು ಜನಕ್ಕೆ ಬೇಕಾಗಿರೋದು ಮೂರು ಬೇರೆ ಬೇರೆ ಸೆಟ್, ಒಂದೇ ಕ್ಯಾಮೆರಾ ಅಲ್ಲ. ಬೆಳಿಗ್ಗೆ ಬೆಳಕಲ್ಲಿ ಬೆಟ್ಟ ಗುಡ್ಡ ತೆಗಿಯೋರು ಮಾತ್ರ ಇದ್ರೆ ಅವರಿಗೆ ಯಾವ ಬಾಡಿ, ಯಾವ ಕಿಟ್ ಲೆನ್ಸ್ ಆದ್ರೂ ನಡಿಯತ್ತೆ, ಅವರು ಹಗುರ ಇರೋದನ್ನ ನೋಡಿ ತಗೊಂಡ್ರೆ ಮುಗೀತು.

ಈಗ ಲೆನ್ಸ್. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ ಯಾಕಂದ್ರೆ ಫೋಟೋಲಿ ಕಾಣೋ ವ್ಯತ್ಯಾಸ ಬಹುಪಾಲು ಇಲ್ಲೇ ಇರೋದು. ಬಾಡಿ ಜೊತೆ ಬರೋ ಕಿಟ್ ಲೆನ್ಸ್‌ಗಳು ಚಿಕ್ಕದಾಗಿರ್ಲಿ, ಬೆಲೆ ಕಮ್ಮಿ ಇರ್ಲಿ ಅಂತ ಮಾಡಿರೋವು, ಬೆಳಕು ಕಮ್ಮಿ ಒಳಗೆ ಬಿಡ್ತವೆ. ಕ್ಯಾನನ್ 18-45 ಲೆನ್ಸ್ ಪೂರ್ತಿ ಝೂಮ್ ಮಾಡಿದಾಗ ಅಪರ್ಚರ್ (ಬೆಳಕು ಒಳಗೆ ಬರೋ ಕಿಂಡಿ, ಎಫ್ ನಂಬರ್ ಚಿಕ್ಕದಿದ್ದಷ್ಟೂ ಕಿಂಡಿ ದೊಡ್ಡದು) ಎಫ್ 6.3, ನಿಕಾನ್ 16-50 ಕೂಡ ಆ ತುದಿಯಲ್ಲಿ 6.3, ಸೋನಿ 16-50 ಎಫ್ 5.6. ಅದೇ ಜಾಗದಲ್ಲಿ ಎಫ್ 1.8 ಇರೋ ಒಂದು ಪ್ರೈಮ್ ಲೆನ್ಸ್ (ಝೂಮ್ ಆಗದ ಲೆನ್ಸ್) ಹಾಕಿದ್ರೆ 6.3ಕ್ಕಿಂತ ಸುಮಾರು 12 ಪಟ್ಟು ಬೆಳಕು ಬರತ್ತೆ. ಅಂದ್ರೆ ಕಿಟ್ ಲೆನ್ಸಲ್ಲಿ ಐಎಸ್ಒ (ಬೆಳಕಿಗೆ ಸೂಕ್ಷ್ಮತೆಯ ಸೆಟ್ಟಿಂಗ್, ಜಾಸ್ತಿ ಮಾಡಿದಷ್ಟೂ ಫೋಟೋ ಕಾಳು ಕಾಳಾಗತ್ತೆ) 6400 ಇಡ್ಬೇಕಾಗಿದ್ದ ರೂಮಲ್ಲಿ ಪ್ರೈಮ್ ಹಾಕ್ಕೊಂಡು ಅದೇ ಶಟರ್ ಸ್ಪೀಡಿಗೆ (ಸೆನ್ಸರ್ ಮೇಲೆ ಬೆಳಕು ಬೀಳೋ ಸಮಯ) 500ರ ಆಸುಪಾಸಲ್ಲಿ ತೆಗೀಬಹುದು. ಈ ಕ್ಲಾಸಿನ ಯಾವ ಎರಡು ಬಾಡಿ ನಡುವೆನೂ ಇಷ್ಟು ದೊಡ್ಡ ಅಂತರ ಇಲ್ಲ. ಎಪಿಎಸ್-ಸಿ ಸೆನ್ಸರ್‌ಗೂ (ಮೇಲೆ ಹೇಳಿದ ನಾಲ್ಕರಲ್ಲೂ ಇರೋ ಸೈಜ್) ಅದಕ್ಕಿಂತ ಚಿಕ್ಕದಾದ, ಒಲಿಂಪಸ್‌ನಲ್ಲಿರೋ ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರ್‌ಗೂ ಇರೋ ವ್ಯತ್ಯಾಸದ ಬಗ್ಗೆ ಜನ ಜಗಳ ಆಡ್ತಾರಲ್ಲ, ವಿಸ್ತೀರ್ಣದ ಲೆಕ್ಕದಲ್ಲಿ ಅದು ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಆದ್ದರಿಂದ ದುಬಾರಿ ಬಾಡಿ ಜೊತೆ ಬರೀ ಕಿಟ್ ಲೆನ್ಸ್ ಇಟ್ಕೊಂಡಿರೋರಿಗಿಂತ, ಸಾಧಾರಣ ಬಾಡಿ ಜೊತೆ ಒಂದು ಒಳ್ಳೆ ಪ್ರೈಮ್ ಇಟ್ಕೊಂಡಿರೋರ ಮನೆ ಒಳಗಿನ ಫೋಟೋ ಚೆನ್ನಾಗಿ ಬರೋದು ಸಹಜ.

ಕಿಟ್ ಲೆನ್ಸ್‌ಗಳ ನಡುವೆನೇ ಇನ್ನೊಂದು ವ್ಯತ್ಯಾಸ ಇದೆ, ಇದನ್ನ ಯಾರೂ ಅಷ್ಟಾಗಿ ಗಮನಿಸಲ್ಲ. ಕ್ಯಾನನ್ ಸೆನ್ಸರ್ ಸ್ವಲ್ಪ ಚಿಕ್ಕದು, ಕ್ರಾಪ್ (ಫುಲ್ ಫ್ರೇಮ್ ಅನ್ನೋ ದೊಡ್ಡ ಸೆನ್ಸರ್‌ಗಿಂತ ಎಷ್ಟು ಪಟ್ಟು ಚಿಕ್ಕದು ಅನ್ನೋ ಲೆಕ್ಕ) 1.6, ಹಾಗಾಗಿ 18 ಎಂಎಂ ಅನ್ನೋದು ಫುಲ್ ಫ್ರೇಮ್ ಲೆಕ್ಕದಲ್ಲಿ 29 ಆಗತ್ತೆ, ಈ ನಂಬರ್ ಚಿಕ್ಕದಿದ್ದಷ್ಟೂ ಫೋಟೋಲಿ ಅಗಲ ಜಾಸ್ತಿ ಹಿಡಿಸತ್ತೆ. ನಿಕಾನ್, ಸೋನಿದು ಕ್ರಾಪ್ 1.5, ಕಿಟ್ ಲೆನ್ಸ್ 16ರಿಂದ ಶುರು, ಅಂದ್ರೆ 24. ಫ್ಯೂಜಿ 15-45 ಇನ್ನೂ ಅಗಲ, ಸುಮಾರು 23. ಐದು ಎಂಎಂ ಏನ್ ಮಹಾ ಅನ್ಕೋಬೇಡಿ, ಮೂರು ಮೀಟರ್ ದೂರ ನಿಂತು ಗ್ರೂಪ್ ಫೋಟೋ ತೆಗೆದ್ರೆ ಒಂದರಲ್ಲಿ ನಾಲ್ಕೂವರೆ ಮೀಟರ್ ಅಗಲ ಹಿಡಿಸತ್ತೆ, ಇನ್ನೊಂದರಲ್ಲಿ ಮೂರು ಮುಕ್ಕಾಲು. ಚಿಕ್ಕ ರೂಮಲ್ಲಿ ಹಿಂದೆ ಗೋಡೆ ಇದ್ರೆ ಇನ್ನೂ ಹಿಂದಕ್ಕೆ ಹೋಗೋಕೆ ಜಾಗ ಇರಲ್ಲ, ತುದಿಯಲ್ಲಿ ನಿಂತಿರೋರು ಫ್ರೇಮಿಂದ ಆಚೆ ಹೋಗ್ತಾರೆ.

ಇನ್ನು ಮೌಂಟ್. ನೀವು ನಿಜವಾಗಿ ಆಯ್ಕೆ ಮಾಡ್ತಿರೋದು ಇದನ್ನೇ, ಬಾಡಿ ಬರತ್ತೆ ಹೋಗತ್ತೆ, ಲೆನ್ಸ್‌ಗಳು ಉಳಿಯತ್ತೆ. ಸೋನಿ ಇ ಮೌಂಟ್ 2010ರಿಂದ ಇದೆ, ಹೊಸದು ಹಳೇದು, ಸೋನಿದು ಬೇರೆಯವರದು, ಎಲ್ಲಾ ರೇಂಜಿನ ಲೆನ್ಸ್ ಸಿಗತ್ತೆ, ಸೆಕೆಂಡ್ ಹ್ಯಾಂಡ್ ಕೂಡ ಧಾರಾಳ. ಕಮ್ಮಿ ದುಡ್ಡಲ್ಲಿ ಲೆನ್ಸ್ ಕೂಡಿಸ್ಕೋಬೇಕು ಅನ್ನೋರಿಗೆ ಇವತ್ತಿಗೂ ಇದೇ ಸುಲಭದ ದಾರಿ ಅಂತ ನನ್ನ ಅಭಿಪ್ರಾಯ. ಫ್ಯೂಜಿ ಎಕ್ಸ್ ಮೌಂಟ್ 2012ರದ್ದು, ಎಪಿಎಸ್-ಸಿಗೆ ಅಂತಲೇ ಮಾಡಿದ ಒಳ್ಳೊಳ್ಳೆ ಲೆನ್ಸ್ ಇರೋದು ಇಲ್ಲೇ, ಆದ್ರೆ ಫ್ಯೂಜಿಯ ಸ್ವಂತ ಲೆನ್ಸ್‌ಗಳು ಅಗ್ಗ ಅಲ್ಲ. ನಿಕಾನ್ ಝಡ್‌ನಲ್ಲಿ ಚಿಕ್ಕ ಸೆನ್ಸರ್‌ಗೆ ಅಂತ ನಿಕಾನ್ ಮಾಡಿರೋ ಲೆನ್ಸ್ ಕಮ್ಮಿ, ಆದ್ರೆ 24 ಎಂಎಂ ಎಫ್ 1.7, 40 ಎಂಎಂ ಎಫ್ 2 ಎರಡೂ ಚಿಕ್ಕದು ಚೊಕ್ಕದು, ಅದರ ಜೊತೆ ಸಿಗ್ಮಾ, ವಿಲ್ಟ್ರಾಕ್ಸ್ ಕೂಡ ಸಿಗತ್ತೆ. ಕ್ಯಾನನ್ ಆರ್‌ಎಫ್ ಮೌಂಟ್‌ನಲ್ಲಿ ಬಹಳ ದಿನ ಬೇರೆ ಕಂಪನಿಯ ಆಟೋಫೋಕಸ್ ಲೆನ್ಸ್ ಬರೋಕೇ ಬಿಟ್ಟಿರ್ಲಿಲ್ಲ, 2024ರಲ್ಲಿ ಎಪಿಎಸ್-ಸಿ ಬಾಡಿಗಳಿಗೆ ಸಿಗ್ಮಾ ಮತ್ತು ಟ್ಯಾಮ್ರಾನ್‌ಗೆ ಬಾಗಿಲು ತೆಗೆದ್ರು, ಅಲ್ಲಿಂದ ಪರಿಸ್ಥಿತಿ ಬಹಳ ಸುಧಾರಿಸಿದೆ. ಹಳೇ ರಿವ್ಯೂಗಳಲ್ಲಿ ಕ್ಯಾನನ್‌ಗೆ ಲೆನ್ಸೇ ಇಲ್ಲ ಅಂತ ಇದ್ರೆ ಅದರ ತಾರೀಖು ನೋಡ್ಕೊಳ್ಳಿ.

ಕ್ಯಾನನ್ 50 ಎಂಎಂ ಎಫ್ 1.8 ಎಲ್ರೂ ಹೇಳೋ ಮೊದಲ ಪ್ರೈಮ್, ಒಳ್ಳೇದೇ, ಆದ್ರೆ ಆರ್50 ಮೇಲೆ ಅದು 80 ಎಂಎಂ ಥರ ಕೆಲಸ ಮಾಡತ್ತೆ. ಪೋರ್ಟ್ರೇಟ್‌ಗೆ ಸೊಗಸು, ಮನೆ ಒಳಗೆ ಮಗು ಹಿಂದೆ ಓಡೋಕೆ ತುಂಬಾ ಹತ್ತಿರ ಆಗ್ಬಿಡತ್ತೆ. ಎಪಿಎಸ್-ಸಿನಲ್ಲಿ ಮನೆ ಒಳಗೆ ಆರಾಮಾಗಿ ಬಳಸೋಕೆ 23ರಿಂದ 35 ಎಂಎಂ ಒಳಗಿನ ಪ್ರೈಮ್ ನೋಡಿ. ಸಿಗ್ಮಾದ 16, 30, 56 ಎಂಎಂ ಅನ್ನೋ ಮೂರು ಎಫ್ 1.4 ಲೆನ್ಸ್ ಈಗ ಈ ಎಲ್ಲಾ ಮೌಂಟ್‌ಗೂ ಬಂದಿವೆ, ಅದರಲ್ಲಿ 30 ನನಗೆ ಮೊದಲ ಪ್ರೈಮ್ ಆಗಿ ಬಹಳ ಇಷ್ಟ.

ದೂರದ್ದು ತೆಗಿಯೋರಿಗೆ: ನಿಕಾನ್ 50-250 ಫುಲ್ ಫ್ರೇಮ್ ಲೆಕ್ಕಕ್ಕೆ 375 ವರೆಗೆ ಹೋಗತ್ತೆ, ಕ್ಯಾನನ್ 55-210 ಸುಮಾರು 336, ಸೋನಿ 55-210 ಸುಮಾರು 315. ಗ್ರೌಂಡಿನ ಆಟಕ್ಕೆ, ದೊಡ್ಡ ಪ್ರಾಣಿಗೆ ಸಾಕು, ಚಿಕ್ಕ ಹಕ್ಕಿಗೆ ಯಾವುದೂ ಸಾಲಲ್ಲ. ಹಕ್ಕಿನೇ ಗುರಿ ಅಂದ್ರೆ ಕ್ಯಾನನ್ 100-400 ಅಥವಾ ಸೋನಿ 70-350 ಬೆಲೆ ಮೊದಲು ನೋಡ್ಕೊಂಡು, ಉಳಿದ ದುಡ್ಡಲ್ಲಿ ಯಾವ ಬಾಡಿ ಬರತ್ತೆ ಅಂತ ಲೆಕ್ಕ ಹಾಕಿ.

ಇಷ್ಟಾದ ಮೇಲೆ ಒಂದು ಹಾಳೆ ತಗೊಂಡು ಪ್ರತಿ ಬ್ರ್ಯಾಂಡಿಗೂ ಬಾಡಿ, ಕಿಟ್ ಲೆನ್ಸ್, ನಿಮಗೆ ಬೇಕಾದ ಎರಡನೇ ಲೆನ್ಸ್, ಒಂದು ಎಕ್ಸ್ಟ್ರಾ ಬ್ಯಾಟರಿ, ಕಾರ್ಡ್, ಇವೆಲ್ಲಾ ಸೇರಿ ಎಷ್ಟಾಗತ್ತೆ ಅಂತ ಬರೀರಿ. ಬರೀ ಬಾಡಿ ಬೆಲೆ ನೋಡಿದಾಗ ಅಗ್ಗ ಅನ್ಸಿದ್ದು ಇಲ್ಲಿ ಹಲವು ಸಲ ಮೇಲಕ್ಕೆ ಹೋಗತ್ತೆ, ದುಬಾರಿ ಅನ್ಸಿದ್ದು ಕೆಳಗೆ ಬರತ್ತೆ. ಎರಡು ಲೆನ್ಸ್ ಸೇರಿಸಿ ಕೊಡೋ ಕಿಟ್ ಇದ್ರೆ ಅದನ್ನೂ ನೋಡಿ, ಬಿಡಿಬಿಡಿಯಾಗಿ ತಗೊಳೋದಕ್ಕಿಂತ ಸಾಮಾನ್ಯವಾಗಿ ಕಮ್ಮಿಗೆ ಸಿಗತ್ತೆ. ಈ ಹಾಳೆಯಲ್ಲಿ ಕೊನೆಗೆ ಎರಡೇ ಎರಡು ಉಳೀಲಿ.

ಈಗ ಬಾಡಿಗೆ ಬರೋಣ. ಇಲ್ಲಿ ನಿಜಕ್ಕೂ ವ್ಯತ್ಯಾಸ ಇರೋದು ಆಟೋಫೋಕಸ್‌ನಲ್ಲಿ, ಅದೂ ಅಲುಗಾಡೋ ವಸ್ತು ತೆಗೆಯುವಾಗ. 2023ರ ಆರ್50, 2024ರ ಝಡ್50 ಟೂ, ಎರಡೂ ತಮ್ಮ ದೊಡ್ಡ ಅಣ್ಣಂದಿರ ಆಟೋಫೋಕಸ್ ಇಟ್ಕೊಂಡಿವೆ, ಜನ, ಪ್ರಾಣಿ, ಹಕ್ಕಿ, ಗಾಡಿ ಗುರುತು ಹಿಡಿದು ಅದರ ಹಿಂದೆ ಹೋಗ್ತವೆ. ಸೋನಿ ಎ6400 2019ರದ್ದು, ವಯಸ್ಸಾಗಿದ್ರೂ ಟ್ರ್ಯಾಕಿಂಗ್ ಇವತ್ತಿಗೂ ಗಟ್ಟಿ, ಮಕ್ಕಳ ಕಣ್ಣು ಹಿಡಿಯೋದ್ರಲ್ಲಿ ನಂಬಬಹುದು. ಫ್ಯೂಜಿ ಎಕ್ಸ್-ಎಂ5 ಕೂಡ ಪ್ರಾಣಿ ಹಕ್ಕಿ ಎಲ್ಲಾ ಗುರುತಿಸತ್ತೆ, ಆದ್ರೆ ಜೋರಾಗಿ ಓಡೋ ವಸ್ತು ಬೆನ್ನತ್ತೋದ್ರಲ್ಲಿ ಉಳಿದ ಮೂರರಷ್ಟು ಭರವಸೆ ನನಗಿಲ್ಲ. ಒಲಿಂಪಸ್ ಇ-ಎಂ10 ಮಾರ್ಕ್ 4 ಕಾಂಟ್ರಾಸ್ಟ್ ಫೋಕಸ್ (ಲೆನ್ಸ್ ಹಿಂದೆ ಮುಂದೆ ಸರಿಸಿ ಚೂಪಾದ ಜಾಗ ಹುಡುಕೋ ರೀತಿ) ಮೇಲೆ ನಡಿಯೋದು, ನಿಂತಿರೋದಕ್ಕೆ ಚುರುಕು, ಓಡೋ ನಾಯಿಗೆ ಕಷ್ಟ.

ಕ್ಯಾನನ್ ಆರ್100 ಬಗ್ಗೆ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಬೆಲೆ ನೋಡಿ ಬಹಳ ಜನ ಅದರ ಕಡೆ ಹೋಗ್ತಾರೆ. ಅದರ ಸ್ಕ್ರೀನ್ ತಿರುಗಲ್ಲ, ಮುಟ್ಟಿದ್ರೆ ಕೆಲಸ ಮಾಡಲ್ಲ. 4ಕೆ ವಿಡಿಯೋ ತೆಗೆದ್ರೆ ಫ್ರೇಮ್ ಸುಮಾರು ಒಂದೂವರೆ ಪಟ್ಟು ಕಟ್ ಆಗತ್ತೆ, ಆಗ ಕ್ಯಾನನ್‌ನ ಒಳ್ಳೆ ಡ್ಯುಯಲ್ ಪಿಕ್ಸೆಲ್ ಫೋಕಸ್ ಕೂಡ ಕೆಲಸ ಮಾಡಲ್ಲ. ಬರೀ ಫೋಟೋ, ಅದೂ ನಿಧಾನವಾಗಿ ತೆಗಿಯೋರಾದ್ರೆ ಫೋಟೋ ಕ್ವಾಲಿಟಿಗೆ ಕೊರತೆ ಇಲ್ಲ. ಆದ್ರೆ ಫೋನಲ್ಲಿ ಮುಟ್ಟಿ ಫೋಕಸ್ ಮಾಡಿ ರೂಢಿ ಇರೋ ಕೈಗೆ ಅದು ದಿನಾ ತೊಡಕು ಕೊಡತ್ತೆ, ಸಾಧ್ಯ ಆದ್ರೆ ಸ್ವಲ್ಪ ಕಾದು ಆರ್50 ತಗೊಳ್ಳಿ, ಇಲ್ಲಾ ಸೆಕೆಂಡ್ ಹ್ಯಾಂಡ್ ಆರ್10 ನೋಡಿ.

ವ್ಯೂಫೈಂಡರ್ (ಕಣ್ಣಿಟ್ಟು ನೋಡೋ ಕಿಂಡಿ) ಬೇಕಾ ಬೇಡ್ವಾ ಅನ್ನೋದು ಎರಡನೇ ಪ್ರಶ್ನೆ. ಸೋನಿ ಝಡ್‌ವಿ-ಇ10, ನಿಕಾನ್ ಝಡ್30, ಫ್ಯೂಜಿ ಎಕ್ಸ್-ಎಂ5, ಇವು ಮೂರಕ್ಕೂ ವ್ಯೂಫೈಂಡರ್ ಇಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಸ್ಕ್ರೀನ್ ನೋಡಿ ಫ್ರೇಮ್ ಮಾಡೋದು ಎಷ್ಟು ಹಿಂಸೆ ಅಂತ ಫೋನಲ್ಲೇ ಅನುಭವ ಇರತ್ತೆ, ಅದರ ಜೊತೆ ಉದ್ದ ಝೂಮ್ ಲೆನ್ಸ್ ಹಾಕಿ ಕೈ ಮುಂದೆ ಚಾಚಿ ಹಿಡಿದ್ರೆ ನಡುಗೋದು ಖಂಡಿತ, ಕಣ್ಣಿಗೆ ಒತ್ತಿ ಹಿಡಿದಾಗ ಮುಖನೇ ಒಂದು ಆಸರೆ ಆಗತ್ತೆ. ಹೊರಗಡೆ ಫೋಟೋ ತೆಗಿಯೋರು ವ್ಯೂಫೈಂಡರ್ ಇಲ್ಲದ್ದನ್ನ ತಗೋಬೇಡಿ. ಬರೀ ವಿಡಿಯೋ ಮಾಡೋರಿಗೆ ಇದರ ಚಿಂತೆ ಇಲ್ಲ.

ವಿಡಿಯೋ ಮಾಡೋರು 4ಕೆ ಇದೆಯಾ ಅಂತ ಮಾತ್ರ ಕೇಳಿ ನಿಲ್ಲಿಸ್ಬೇಡಿ. ಆರ್50 4ಕೆ 30 ಫ್ರೇಮ್ ತೆಗೆಯುವಾಗ ಸೆನ್ಸರ್ ಅಗಲ ಪೂರ್ತಿ ಬಳಸತ್ತೆ. ಎ6400, ಹಳೇ ಝಡ್‌ವಿ-ಇ10 ಎರಡೂ 30 ಫ್ರೇಮ್‌ಗೆ ಸುಮಾರು 1.2 ಪಟ್ಟು ಕಟ್ ಮಾಡ್ತವೆ, ಕ್ಯಾಮೆರಾ ಪಕ್ಕಕ್ಕೆ ಜೋರಾಗಿ ತಿರುಗಿಸಿದ್ರೆ ಕಂಬ ಗೋಡೆ ಎಲ್ಲಾ ವಾಲಿದಂಗೆ ಕಾಣತ್ತೆ, ಅದಕ್ಕೆ ರೋಲಿಂಗ್ ಶಟರ್ ಅಂತಾರೆ, ಸೆನ್ಸರ್ ಮೇಲಿಂದ ಕೆಳಗೆ ಸಾಲುಸಾಲಾಗಿ ನಿಧಾನಕ್ಕೆ ಓದೋದ್ರಿಂದ ಆಗೋದು. ಝಡ್50 ಟೂ 60 ಫ್ರೇಮ್ ಕೊಡತ್ತೆ, ಆದ್ರೆ ಅದರಲ್ಲಿ 1.5 ಪಟ್ಟು ಕಟ್. ನಡೀತಾ ಮುಖ ತೋರಿಸಿ ವ್ಲಾಗ್ ಮಾಡೋರು ಈ ಕಟ್ ಲೆಕ್ಕ ಮಾಡ್ಲೇಬೇಕು, ಇಲ್ಲಾಂದ್ರೆ ಕೈ ಎಷ್ಟು ಚಾಚಿದ್ರೂ ಫ್ರೇಮ್ ತುಂಬಾ ಮುಖನೇ. ಮೈಕ್ ಜ್ಯಾಕ್ ಈ ಎಲ್ಲದರಲ್ಲೂ ಇದೆ ಅನ್ಕೋಬೇಡಿ, ಒಲಿಂಪಸ್‌ನಲ್ಲಿ ಇಲ್ಲ. ರೆಕಾರ್ಡ್ ಆಗ್ತಿರೋ ದನಿ ಕೇಳ್ಕೊಳೋಕೆ ಹೆಡ್‌ಫೋನ್ ಜ್ಯಾಕ್ ಝಡ್50 ಟೂ, ಝಡ್‌ವಿ-ಇ10, ಎಕ್ಸ್-ಎಂ5ರಲ್ಲಿ ಇದೆ, ಆರ್50 ಮತ್ತು ಎ6400ರಲ್ಲಿ ಇಲ್ಲ.

ಸ್ಟೆಬಿಲೈಸೇಶನ್ ಬಗ್ಗೆ ಗೊಂದಲ ಜಾಸ್ತಿ. ಬಾಡಿ ಒಳಗೇ ಸೆನ್ಸರ್ ಅಲುಗಾಡಿ ಸರಿಮಾಡೋ ವ್ಯವಸ್ಥೆ ನಾನು ಹೇಳಿದ ಕ್ಯಾಮೆರಾಗಳಲ್ಲಿ ಒಲಿಂಪಸ್‌ಗೆ ಮಾತ್ರ ಇರೋದು. ಉಳಿದವು ಲೆನ್ಸ್ ಮೇಲೆ ಅವಲಂಬನೆ, ಕಿಟ್ ಲೆನ್ಸ್‌ಗಳಲ್ಲಿ ಇದೆ, ಆದ್ರೆ ಸಿಗ್ಮಾ 30ರಲ್ಲಿ ಇಲ್ಲ, ಕ್ಯಾನನ್ 50ರಲ್ಲಿ ಇಲ್ಲ, ಸೋನಿಯ 35 ಎಫ್ 1.8ರಲ್ಲಿ ಇದೆ. ಇದು ನಿಮ್ಮ ಕೈ ನಡುಕ ತಡಿಯತ್ತೆ ಅಷ್ಟೇ, ಓಡೋ ಮಗುನ ನಿಲ್ಸಲ್ಲ. ಮಗು ಓಡ್ತಿದ್ರೆ ಶಟರ್ ಸ್ಪೀಡ್ 1/500 ಹತ್ತಿರ ಬೇಕೇ ಬೇಕು, ಅಲ್ಲಿಗೆ ಮತ್ತೆ ಅಪರ್ಚರ್ ವಿಷಯಕ್ಕೇ ಬಂದ್ವಿ.

ಶಟರ್ ಬಗ್ಗೆ ಯಾವ ಅಂಗಡಿಯವರೂ ತಾವಾಗಿ ಹೇಳಲ್ಲ. ಸೋನಿ ಝಡ್‌ವಿ-ಇ10 ಟೂನಲ್ಲಿ ಮೆಕ್ಯಾನಿಕಲ್ ಶಟರ್ರೇ (ಸೆನ್ಸರ್ ಮುಂದೆ ತೆರೆದು ಮುಚ್ಚೋ ಪರದೆ) ಇಲ್ಲ, ಪೂರ್ತಿ ಎಲೆಕ್ಟ್ರಾನಿಕ್. ವಿಡಿಯೋಗೆ ತೊಂದರೆ ಇಲ್ಲ, ಆದ್ರೆ ಕೆಲವು ಎಲ್‌ಇಡಿ ಲೈಟ್ ಕೆಳಗೆ ಫೋಟೋ ತೆಗೆದ್ರೆ ಅಡ್ಡ ಪಟ್ಟೆಗಳು ಬರತ್ತೆ. ಆರ್50ರಲ್ಲಿ ಅರ್ಧ ಎಲೆಕ್ಟ್ರಾನಿಕ್ ಅರ್ಧ ಮೆಕ್ಯಾನಿಕಲ್, ಎಫ್ 1.4 ಥರದ ಲೆನ್ಸಲ್ಲಿ ಬಿಸಿಲಿಗೆ ಶಟರ್ ಬಹಳ ಜೋರಾಗಿ ಇಟ್ರೆ ಹಿಂದಿನ ಬ್ಲರ್ ವೃತ್ತಗಳು ತುಂಡಾದಂಗೆ ಕಾಣಬಹುದು. ಇದಕ್ಕೋಸ್ಕರ ಬಿಟ್ಟುಬಿಡಿ ಅಂತ ಹೇಳ್ತಿಲ್ಲ, ಗೊತ್ತಿದ್ದು ತಗೊಳ್ಳಿ.

ಬ್ಯಾಟರಿ: ಎ6400ರ ಬ್ಯಾಟರಿ 1020 ಎಂಎಎಚ್, ಕಂಪನಿ ಲೆಕ್ಕಕ್ಕೆ ಸುಮಾರು 410 ಫೋಟೋ. ಝಡ್‌ವಿ-ಇ10 ಟೂನಲ್ಲಿ 2280 ಎಂಎಎಚ್‌ನ ದೊಡ್ಡ ಬ್ಯಾಟರಿ. ಝಡ್50 ಟೂ ಸುಮಾರು 250 ಫೋಟೋ, ಅದನ್ನ ತಗೊಂಡ್ರೆ ಎರಡನೇ ಬ್ಯಾಟರಿ ಜೊತೆಗೇ ತಗೊಳ್ಳಿ. ಒಂದೇ ಸಮ ಬರ್ಸ್ಟ್ (ಬಟನ್ ಒತ್ತಿ ಹಿಡಿದು ಸಾಲಾಗಿ ಫೋಟೋ) ಹೊಡೆದ್ರೆ ಕಂಪನಿ ಹೇಳಿದ್ದಕ್ಕಿಂತ ಎಷ್ಟೋ ಜಾಸ್ತಿ ಬರತ್ತೆ, ವಿಡಿಯೋ ತೆಗೆದ್ರೆ ಬೇಗ ಖಾಲಿ. ಕಾರ್ಡ್‌ಗೆ ಸುಮ್ಮನೆ ಜಾಸ್ತಿ ಸುರಿಬೇಡಿ, ಸೆಕೆಂಡಿಗೆ 100 ಮೆಗಾಬಿಟ್ ಅನ್ನೋ 4ಕೆ ವಿಡಿಯೋ ಅಂದ್ರೆ 12.5 ಮೆಗಾಬೈಟ್, ವಿ30 ಅಂತ ಬರೆದಿರೋ ಒಳ್ಳೆ ಕಂಪನಿ ಕಾರ್ಡ್ 30 ಮೆಗಾಬೈಟ್ ತಡ್ಕೊಳತ್ತೆ. ಆರ್50, ಎ6400ಗೆ ಇನ್ನೂ ವೇಗದ ಯುಎಚ್ಎಸ್-2 ಕಾರ್ಡ್ ಹಾಕಿದ್ರೂ ಅದರ ವೇಗ ಸಿಗಲ್ಲ, ಸ್ಲಾಟ್ ಯುಎಚ್ಎಸ್-1.

ಉಳಿದ ಎರಡನ್ನ ಕೈಯಲ್ಲಿ ಹಿಡಿದು ನೋಡಿ, ಆದ್ರೆ ಸುಮ್ಮನೆ ಹಿಡಿದು ವಾವ್ ಅಂದು ವಾಪಸ್ ಕೊಡ್ಬೇಡಿ. ನಿಮಗೆ ಬೇಕಾದ ಲೆನ್ಸ್ ಹಾಕ್ಸಿ, ಬ್ಯಾಟರಿ ಹಾಕ್ಸಿ, ಸ್ವಲ್ಪ ಹೊತ್ತು ಕೆಳಗಿಡದೆ ಹಿಡ್ಕೊಂಡೇ ಮಾತಾಡ್ತಾ ನಿಂತಿರಿ. ಆರ್50 ಬ್ಯಾಟರಿ ಕಾರ್ಡ್ ಸೇರಿ 375 ಗ್ರಾಂ, ಎ6400 403, ಝಡ್50 ಟೂ 550. ಕಾಗದದ ಮೇಲೆ ಹಗುರ ಇರೋದೇ ಗೆದ್ದಂಗೆ ಕಾಣತ್ತೆ, ಆದ್ರೆ ದೊಡ್ಡ ಕೈ ಇರೋರಿಗೆ ಚಿಕ್ಕ ಗ್ರಿಪ್‌ನಲ್ಲಿ ಕಿರುಬೆರಳು ಕೆಳಗೆ ಜಾರತ್ತೆ, ಉದ್ದ ಲೆನ್ಸ್ ಹಾಕಿದ್ರೆ ಮಣಿಕಟ್ಟು ನೋಯತ್ತೆ, ಅವರಿಗೆ ಝಡ್50 ಟೂ ಗ್ರಿಪ್ ಎಷ್ಟೋ ಆರಾಮ. ಕಣ್ಣು ವ್ಯೂಫೈಂಡರ್‌ನಲ್ಲೇ ಇಟ್ಟು ಎಕ್ಸ್‌ಪೋಶರ್ ಜಾಸ್ತಿ ಕಮ್ಮಿ ಮಾಡೋಕೆ ಆಗತ್ತಾ, ಫೋಕಸ್ ಪಾಯಿಂಟ್ ಸರಿಸೋಕೆ ಆಗತ್ತಾ ನೋಡಿ. ಆರ್50ಗೆ ಒಂದೇ ಡಯಲ್, ಝಡ್50 ಟೂಗೆ ಎರಡು, ಮ್ಯಾನುಯಲ್ ಮೋಡ್ ಕಲಿಯೋ ಆಸೆ ಇರೋರಿಗೆ ಎರಡು ಡಯಲ್ ಬಹಳ ನೆಮ್ಮದಿ. ಆಮೇಲೆ ಜೊತೆಗೆ ಬಂದಿರೋರನ್ನ ಸ್ವಲ್ಪ ಕತ್ತಲೆ ಇರೋ ಮೂಲೆಯಿಂದ ನಿಮ್ಮ ಕಡೆ ಜೋರಾಗಿ ನಡ್ಕೊಂಡು ಬರೋಕೆ ಹೇಳಿ, ಬರ್ಸ್ಟ್ ಹೊಡೀರಿ, ಒಂದೊಂದೇ ಝೂಮ್ ಮಾಡಿ ಕಣ್ಣು ಚೂಪಾಗಿದೆಯಾ ನೋಡಿ. ಎರಡೂ ಕ್ಯಾಮೆರಾಲಿ ಇದನ್ನ ಮಾಡಿದ್ರೆ ಯಾವ ರಿವ್ಯೂನೂ ಹೇಳದಷ್ಟು ಗೊತ್ತಾಗತ್ತೆ.

ನನ್ನನ್ನೇ ಕೇಳಿದ್ರೆ, ಮನೆ ಮಕ್ಕಳು, ಪ್ರವಾಸ, ಸ್ವಲ್ಪ ವಿಡಿಯೋ ಅನ್ನೋರಿಗೆ ಆರ್50 ಜೊತೆ ಸಿಗ್ಮಾ 30. ಫೋಟೋಗ್ರಫಿ ಸೀರಿಯಸ್ಸಾಗಿ ಕಲೀಬೇಕು, ಆಟ ಪ್ರಾಣಿ ತೆಗೀಬೇಕು ಅನ್ನೋರಿಗೆ ಝಡ್50 ಟೂ ಜೊತೆ 50-250. ದುಡ್ಡು ಹಿಡಿತದಲ್ಲಿ ಇಟ್ಕೊಂಡು ಲೆನ್ಸ್ ಜಾಸ್ತಿ ಕೂಡಿಸ್ಬೇಕು ಅನ್ನೋರಿಗೆ ಸೆಕೆಂಡ್ ಹ್ಯಾಂಡ್ ಎ6400. ಕಂಪ್ಯೂಟರಲ್ಲಿ ಎಡಿಟ್ ಮಾಡೋಕೆ ಮನಸ್ಸಿಲ್ಲ, ಕ್ಯಾಮೆರಾದಿಂದಲೇ ಬಣ್ಣ ಚೆನ್ನಾಗಿ ಬರ್ಬೇಕು ಅಂದ್ರೆ ಫ್ಯೂಜಿ, ಎಕ್ಸ್-ಎಂ5ರಲ್ಲಿ ಫಿಲ್ಮ್ ಸಿಮ್ಯುಲೇಶನ್‌ಗೆ (ಹಳೇ ಫಿಲ್ಮ್ ರೀಲಿನ ಥರದ ಬಣ್ಣ ಕೊಡೋ ಸೆಟ್ಟಿಂಗ್) ಅಂತಲೇ ಮೇಲೆ ಒಂದು ಡಯಲ್ ಇದೆ.

ಸೆಕೆಂಡ್ ಹ್ಯಾಂಡ್ ನೋಡೋರು ಮೊದಲು ಮೌಂಟ್ ಜೀವಂತ ಇದೆಯಾ ನೋಡ್ಕೊಳ್ಳಿ. ಕ್ಯಾನನ್ ಎಂ50 ಥರದ ಇಎಫ್-ಎಂ ಕ್ಯಾಮೆರಾಗಳು, ನಿಕಾನ್ 1, ಸ್ಯಾಮ್‌ಸಂಗ್ ಎನ್‌ಎಕ್ಸ್ ಎಲ್ಲಾ ನಿಂತುಹೋದ ಸಿಸ್ಟಮ್‌ಗಳು, ಇಎಫ್-ಎಂ ಲೆನ್ಸ್ ಮುಂದೆ ಆರ್ ಸೀರೀಸ್ ಬಾಡಿಗೆ ಕೂರೋದೂ ಇಲ್ಲ. ಕ್ಯಾಮೆರಾ ಕೈಗೆ ಬಂದಾಗ ಅಪರ್ಚರ್ ಎಫ್ 16 ಇಟ್ಟು ಬರೀ ಆಕಾಶದ ಅಥವಾ ಬಿಳಿ ಗೋಡೆಯ ಫೋಟೋ ತೆಗೀರಿ, ಸೆನ್ಸರ್ ಮೇಲೆ ಧೂಳು ಗೀರು ಇದ್ರೆ ಕಪ್ಪು ಚುಕ್ಕೆ ಗೆರೆ ಕಾಣತ್ತೆ, ಧೂಳಾದ್ರೆ ಕ್ಲೀನ್ ಮಾಡಿಸಬಹುದು, ಗೀರಾದ್ರೆ ಬೇಡ. ಲೆನ್ಸ್ ಒಳಗೆ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ, ಜೇಡರ ಬಲೆ ಥರ ಎಳೆ ಎಳೆ ಕಂಡ್ರೆ ಅದು ಫಂಗಸ್, ಎಷ್ಟೇ ಕಮ್ಮಿಗೆ ಕೊಟ್ರೂ ತಗೋಬೇಡಿ. ಸ್ಕ್ರೀನ್ ಎಲ್ಲಾ ಕಡೆ ತಿರುಗಿಸ್ತಾ ಮಿನುಗತ್ತಾ ನೋಡಿ, ಪ್ರತಿ ಬಟನ್ ಒತ್ತಿ, ಯುಎಸ್‌ಬಿ ಹಾಕಿ ಚಾರ್ಜ್ ಆಗತ್ತಾ ನೋಡಿ, ಕಾರ್ಡ್ ಹಾಕಿ ಐದು ನಿಮಿಷ ವಿಡಿಯೋ ರೆಕಾರ್ಡ್ ಮಾಡಿ. ಶಟರ್ ಕೌಂಟ್ (ಇದುವರೆಗೆ ಶಟರ್ ಎಷ್ಟು ಸಲ ಹೊಡೆದಿದೆ ಅನ್ನೋ ಲೆಕ್ಕ) ಕೆಲವು ಬ್ರ್ಯಾಂಡಲ್ಲಿ ಫೋಟೋ ಫೈಲಿಂದಲೇ ಗೊತ್ತಾಗತ್ತೆ, ಕೆಲವಲ್ಲಿ ಗೊತ್ತಾಗಲ್ಲ, ಅಂಥ ಕಡೆ ಗ್ರಿಪ್ ರಬ್ಬರ್ ಎಷ್ಟು ಸವೆದಿದೆ, ಹಾಟ್ ಶೂ (ಮೇಲೆ ಫ್ಲ್ಯಾಶ್ ಕೂರೋ ಜಾಗ) ಮೇಲೆ ಎಷ್ಟು ಉಜ್ಜಿದ ಗುರುತಿದೆ, ಲೆನ್ಸ್ ಮೌಂಟ್ ಎಷ್ಟು ಹೊಳೆಯತ್ತೆ ಅನ್ನೋದ್ರ ಮೇಲೆ ಅಂದಾಜು ಮಾಡ್ಕೊಂಡು ಬೆಲೆ ಮಾತಾಡಿ.